ಅಕ್ಕನ ಗೋಡೆಯಲ್ಲೊಂದು ಬಿರುಕು

ಅಕ್ಕಾ,

ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ಆಮೇಲೆ.

ಒಂದೇ ಕಾಲೇಜಿನಲ್ಲಿ ಕಟ್ಟಡ ವಿನ್ಯಾಸ ಓದಿದವರು ನಾವು. ನಾನು ಗಾಜಿನ ಕಚೇರಿಗಳನ್ನು ಕಟ್ಟಿದೆ. ನೀನು ಊರೂರು ಅಲೆದು ಹಳೆಯ ಮನೆಗಳ ಗೋಡೆ, ಕಿಟಕಿ ಅಳೆಯುತ್ತಾ ಕೂತೆ. “ಇವಳಿಗೆ ತಲೆ ಕೆಟ್ಟಿದೆ” ಎಂದು ನಕ್ಕಿದ್ದೆ. ಆ ಅಳತೆಗಳೇ ಪುಸ್ತಕವಾದವು. ಈಗ ನನ್ನಲ್ಲಿ ಕೆಲಸ ಕೇಳಿ ಬರುವವರ ಚೀಲದಲ್ಲೂ ನಿನ್ನ ಪುಸ್ತಕ!

ಅದನ್ನೂ ನುಂಗಿಕೊಂಡೆ. ಅಪ್ಪನದು ಮಾತ್ರ ಗಂಟಲಲ್ಲೇ ಉಳಿಯಿತು. ಜೀವನವಿಡೀ ಗಾರೆ ಕೆಲಸ ಮಾಡಿದ ಅಪ್ಪ, ನನ್ನ ಕಟ್ಟಡದ ಲಿಫ್ಟಿನಲ್ಲಿ ನಿಂತು “ಎಷ್ಟ್ ಎತ್ತರ ಕಟ್ಟಿದೀಯ ಮಗಳೇ!” ಎಂದ. ನೀನು ಮಣ್ಣಿನಿಂದ ಕಟ್ಟಿದ ಗ್ರಂಥಾಲಯಕ್ಕೆ ಬಂದಾಗಲೋ, ಗೋಡೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದ.

ಕಳೆದ ತಿಂಗಳು ರಸ್ತೆ ಅಗಲಿಸಲು ಆ ಗ್ರಂಥಾಲಯ ಕೆಡವಬಹುದೇ ಎಂದು ಪುರಸಭೆಯವರು ನನ್ನ ವರದಿ ಕೇಳಿದರು. ನಾವು ಅಕ್ಕತಂಗಿ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಹೋದೆ. ಕಪಾಟಿನ ಹಿಂದೆ ಉದ್ದನೆಯ ಬಿರುಕು ಸಿಕ್ಕಿತು. ಎಷ್ಟು ಖುಷಿಯಾಯಿತು ಗೊತ್ತಾ! ಬಡಿದು ನೋಡಿದೆ. ಗೋಡೆ ಗಟ್ಟಿಯಾಗಿತ್ತು, ಬಿರುಕು ಬಿಟ್ಟಿದ್ದು ಮೇಲಿನ ಗಿಲಾವು ಮಾತ್ರ. ಆದರೂ “ಗೋಡೆ ದುರ್ಬಲವಾಗಿದೆ” ಎಂದು ಬರೆದು ಸಹಿ ಹಾಕಿದೆ.

ಅಷ್ಟರಲ್ಲಿ ಗ್ರಂಥಪಾಲಕಿ ಬಂದರು. “ಅದು ಹಳೇ ಬಿರುಕು ಮೇಡಂ. ಮುಚ್ಚಿಸ್ತೀವಿ ಅಂದ್ರೆ, ಇದನ್ನ ಕಟ್ಟಿದ ಮೇಡಮ್ಮೇ ಬೇಡ ಅಂದ್ರು. ‘ಗಿಲಾವಿಗೆ ನೀರು ಜಾಸ್ತಿ ಹಾಕ್ಸಿದ್ದು ನಾನೇ. ಕಲಿಯೋಕೆ ಬಂದವರಿಗೆ ನನ್ನ ತಪ್ಪನ್ನೂ ತೋರಿಸಿ’ ಅಂದ್ರು.”

ಮೂವತ್ತು ವರ್ಷಗಳಲ್ಲಿ ನನ್ನ ಒಂದೇ ಒಂದು ತಪ್ಪನ್ನೂ ನಾನು ಯಾರಿಗೂ ತೋರಿಸಿಲ್ಲ. ಆ ಕ್ಷಣ ನಿನ್ನ ತಪ್ಪಿನ ಮೇಲೂ ಹೊಟ್ಟೆ ಉರಿಯಿತು ಕಣೇ. ಅವರೆದುರೇ ವರದಿ ಹರಿದು ಹಾಕಿದೆ. “ನಾನು ಇದನ್ನು ಕಟ್ಟಿದವಳ ತಂಗಿ, ಬೇರೆಯವರನ್ನು ಕಳಿಸಿ” ಎಂದು ಪುರಸಭೆಗೆ ಬರೆದೆ. ಬೇರೊಬ್ಬ ಇಂಜಿನಿಯರ್ ಬಂದು ನೋಡಿ, ಗೋಡೆ ಭದ್ರವಾಗಿದೆ ಎಂದರು. ಗ್ರಂಥಾಲಯ ಉಳಿಯಿತು. ಉಳಿಸಿದ್ದು ನಾನಲ್ಲ.

ಇದು ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳಬಾರದು. ಬೈಯುವುದಿದ್ದರೆ ಮನೆಗೇ ಬಂದು ಬೈಯಿ. ಕಿಚ್ಚು ಆರಿದೆ ಎಂದು ಸುಳ್ಳು ಹೇಳಲಾರೆ.

ನೀನು ಕಟ್ಟಿದ್ದೆಲ್ಲ ನಾನು ಕಟ್ಟಿದ್ದಕ್ಕಿಂತ ಹೆಚ್ಚು ಕಾಲ ಬಾಳಲಿ. ಈ ಒಂದು ಸಾಲು ಬರೆಯಲು ಎರಡು ಸಲ ಪೆನ್ನು ಕೆಳಗಿಟ್ಟೆ.

ಇನ್ನೂ ನಿನ್ನವಳೇ ಆದ,
ತಂಗಿ