ಅಕ್ಕ ತುಂಬಿಕೊಟ್ಟ ಹಾಳೆ

ಆಸ್ಪತ್ರೆಯ ಅಧೀಕ್ಷಕರೇ,

‘ಮಾನ್ಯರೇ’ ಎಂದು ಆಮೇಲೆ ಕರೆಯುತ್ತೇನೆ. ಮೊದಲು ದೂರು. ನನ್ನ ಅಕ್ಕ ತನ್ನ ಎದೆಯಲ್ಲಿ ಆಗುತ್ತಿದ್ದುದನ್ನೆಲ್ಲ ನೀವು ಕೇಳಿದಂತೆಯೇ ಬರೆದುಕೊಟ್ಟಳು. ನಿಮ್ಮಲ್ಲಿ ಒಬ್ಬರೂ ಅದನ್ನು ಓದಲಿಲ್ಲ. ಬರೆದ ಹನ್ನೊಂದನೆಯ ದಿನ ಅವಳು ನಿಮ್ಮದೇ ಬಟ್ಟೆ ಒಗೆಯುವ ಕೋಣೆಯಲ್ಲಿ, ಮಡಚಿಟ್ಟ ಚಾದರಗಳ ಮೇಲೆ ಕುಸಿದು ಸತ್ತಳು. ಹೃದಯ ಪರೀಕ್ಷೆಯ ವಿಭಾಗ ಅಲ್ಲಿಂದ ಒಂದೇ ಮಹಡಿ ಮೇಲಿತ್ತು.

ಹತ್ತೊಂಬತ್ತು ವರ್ಷ ನಿಮ್ಮ ರೋಗಿಗಳ ಚಾದರದ ರಕ್ತ, ಕೀವು ತೊಳೆದವಳು ಅವಳು. ಮುಂಗೈ ನೋವಿಗೆ ಮುಲಾಮು ಕೇಳಲು ಹೋದಾಗ ಕಿರಿಯ ವೈದ್ಯೆಯೊಬ್ಬರು ನಾಡಿ ಹಿಡಿದು, ಬಡಿತ ತಪ್ಪುತ್ತಿದೆ ಎಂದರು. ಇಸಿಜಿ ಆಯಿತು. ಆಮೇಲೆ ಎದೆಗೆ ಐದು ತಂತಿ ಅಂಟಿಸಿ, ಸೊಂಟಕ್ಕೆ ಎದೆಬಡಿತ ದಾಖಲಿಸುವ ಅಂಗೈಯಗಲದ ಪೆಟ್ಟಿಗೆ ಕಟ್ಟಿ, ಇಪ್ಪತ್ನಾಲ್ಕು ಗಂಟೆ ತೆಗೆಯಬೇಡಿ ಎಂದು ಕಳಿಸಿದರು. ಜೊತೆಗೊಂದು ಹಾಳೆ: ಯಾವ ಹೊತ್ತಿಗೆ ಏನು ಮಾಡುತ್ತಿದ್ದಿರಿ, ಏನನ್ನಿಸಿತು, ತಪ್ಪದೆ ಬರೆದು ಹಿಂದಿರುಗಿಸತಕ್ಕದ್ದು. ಆ ‘ತಕ್ಕದ್ದು’ ನಿಮ್ಮದೇ.

“ಇದು ಚಾಡಿಕೋರ ಕಣೇ,” ಎಂದು ಅಕ್ಕ ಪೆಟ್ಟಿಗೆ ತಟ್ಟಿ ನಕ್ಕಳು. “ನಾನು ಸುಮ್ನಿದ್ರೂ ಡಾಕ್ಟ್ರಿಗೆ ಎಲ್ಲಾ ಹೇಳ್ಬಿಡುತ್ತೆ. ಮತ್ತೆ ಹಾಳೆ ಯಾಕೆ? ನನ್ನ ಅಕ್ಷರ ನೋಡಿ ನಗ್ತಾರೆ.”

ನಾನೇ ಬಿಡಲಿಲ್ಲ. ನಲವತ್ತು ದಾಟಿದ ಅಕ್ಕನಿಗೆ ನಮ್ಮ ಸಂಘದ ಸಂಜೆ ತರಗತಿಯಲ್ಲಿ ಅಕ್ಷರ ಕಲಿಸಿದವಳು ನಾನು. ಬಾಯಲ್ಲಿ ಹೇಳಿದ್ದನ್ನು ಗಾಳಿಗೆ ತೂರುತ್ತಾರೆ, ಕಾಗದದಲ್ಲಿ ಇದ್ದದ್ದಕ್ಕೆ ಉತ್ತರ ಕೊಡಲೇಬೇಕು ಎಂದು ಕರಿಹಲಗೆಯ ಮುಂದೆ ಭಾಷಣ ಬಿಗಿದವಳೂ ನಾನೇ. “ಬರಿ ಅಕ್ಕ,” ಎಂದೆ. “ಬರೆದ್ರೆ ಕೇಳ್ತಾರೆ.”

ಪರೀಕ್ಷೆಯ ದಿನಕ್ಕೆ ರಜೆ ಕೇಳಿದರೆ ನಿಮ್ಮ ಮೇಸ್ತ್ರಿ, “ಪೆಟ್ಟಿಗೆ ತಾನೇ ಕಟ್ಟಿರೋದು? ಕೈ ಕಟ್ಟಿಲ್ವಲ್ಲ,” ಎಂದ. ಕಟ್ಟಿಕೊಂಡೇ ದುಡಿದಳು. ಅವಳು ಬರೆದದ್ದು ಇದು:

‘ಎಂಟು ಗಂಟೆ. ಬಸ್ಸು ಇಳಿದು ನಡೆದೆ. ಸರಿ ಇದ್ದೆ. ಹತ್ತೂಕಾಲು. ಒದ್ದೆ ಚಾದರದ ಬುಟ್ಟಿ ಎತ್ತಿದೆ. ಎದೆ ಮೇಲೆ ಯಾರೋ ಕೂತ ಹಾಗೆ ಆಯಿತು. ಎಡಗೈ ಸೋತಿತು. ಕೂತೆ. ಹೋಯಿತು. ಬೈದರು. ಎದ್ದೆ. ಹನ್ನೆರಡು. ಮೆಟ್ಟಿಲು ಹತ್ತಿದೆ. ಮತ್ತೆ ಹಾಗೇ. ನಾಲ್ಕು. ಬುಟ್ಟಿ. ಮತ್ತೆ. ಆರೂವರೆ. ಮನೆ. ತಂಗಿ ನಗಿಸಿದಳು. ಆಗ ಏನೂ ಆಗಲಿಲ್ಲ.’

ಎತ್ತಿದಾಗ ನೋವು, ಕೂತಾಗ ಇಲ್ಲ. ಇದು ತಿಳಿಯಲು ಯಾವ ದೊಡ್ಡ ಪದವಿ ಬೇಕಿತ್ತು, ಅಧೀಕ್ಷಕರೇ? ಓದಲು ಬಂದಿದ್ದರೆ ಸಾಕಿತ್ತು. ಮರುದಿನ ತಂತಿ ಬಿಚ್ಚಿದಾತ ಹಾಳೆಯನ್ನು ಅವಳತ್ತಲೇ ತಳ್ಳಿದ. “ಪೆಟ್ಟಿಗೆ ಕೊಟ್ರೆ ಸಾಕಮ್ಮ. ಅದನ್ನ ಯಾರೂ ನೋಡಲ್ಲ.”

ಅಕ್ಕ ಅದನ್ನು ನಾಲ್ಕಾಗಿ ಮಡಚಿ ಮನೆಗೆ ತಂದಳು. “ನೋಡೇ, ನಿನ್ನ ಪಾಠ ವಾಪಸ್ ಬಂತು.” ನಗುತ್ತಲೇ ಹೇಳಿದಳು. ವರದಿಯಲ್ಲಿ ‘ಗಂಭೀರ ದೋಷವಿಲ್ಲ, ಮಾನಸಿಕ ಒತ್ತಡ ತಗ್ಗಿಸಿ’ ಎಂದಿತ್ತು. ಬುಟ್ಟಿಯ ಭಾರ ತಗ್ಗಿಸಿ ಎಂದಿರಲಿಲ್ಲ.

ತಂತಿ ಬಿಚ್ಚಿದಾತನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬೇಡಿ. ದಿನವಿಡೀ ಒಬ್ಬನೇ ಆ ಕೋಣೆಯಲ್ಲಿ ದುಡಿಯುವ ನೌಕರ ಅವನು; ಅವನು ನಿಜವನ್ನೇ ಹೇಳಿದ. ಬರೆಯುವ ಕೆಲಸವನ್ನು ರೋಗಿಗೆ ಹೊರಿಸಿ, ಓದುವ ಕೆಲಸವನ್ನು ಯಾರಿಗೂ ವಹಿಸದವರು ನೀವು.

ಮೊನ್ನೆ ತರಗತಿಗೆ ಹೋದೆ. ಅಕ್ಕನ ಜಾಗ ಬಿಟ್ಟು ಕೂತಿದ್ದರು. “ಇವತ್ತು ಏನು ಬರೀಬೇಕು ಟೀಚರ್?” ಎಂದು ಅವಳ ಜೊತೆ ಬುಟ್ಟಿ ಹೊರುತ್ತಿದ್ದವಳು ಕೇಳಿದಳು. ಸೀಮೆಸುಣ್ಣ ಕೈಯಲ್ಲಿತ್ತು. ಏನು ಬರೆಸಲಿ? ಬರೆಯಿರಿ ಎಂದು ಯಾವ ಬಾಯಲ್ಲಿ ಹೇಳಲಿ?

ತನಿಖಾ ಸಮಿತಿ, ಸಂತಾಪ ಸೂಚನೆ ನಿಮ್ಮಲ್ಲೇ ಇರಲಿ. ಬೇಡಿಕೆ ಒಂದೇ. ಇನ್ನು ಮುಂದೆ ಪ್ರತಿ ಹಾಳೆಯನ್ನೂ ವೈದ್ಯರೊಬ್ಬರು ರೋಗಿಯ ಎದುರು ಕೂತು ಓದಬೇಕು, ಓದಿದ್ದೇನೆ ಎಂದು ಸಹಿ ಹಾಕಬೇಕು. ಅಕ್ಕನದರಿಂದಲೇ ಶುರು ಮಾಡಿ. ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅದನ್ನು ಒಗೆಯುವ ಕೋಣೆಗೆ ತರುತ್ತೇನೆ. ಆ ಹೊತ್ತಿಗೆ ಬುಟ್ಟಿ ತುಂಬಿರುತ್ತದೆ. ಒಂದನ್ನು ಎತ್ತಿ ನೋಡಿ, ಆಮೇಲೆ ಓದಿ. ಕೊನೆಯ ಸಾಲಿನವರೆಗೂ ಓದಿದರೆ ‘ಮಾನ್ಯರೇ’ ಎನ್ನುತ್ತೇನೆ.

ಇಂತಿ,
ಬರೆದರೆ ಕೇಳುತ್ತಾರೆ ಎಂದು ಅಕ್ಕನನ್ನು ನಂಬಿಸಿ, ಬುದ್ಧಿ ಬರದೆ ಮತ್ತೆ ಬರೆಯುತ್ತಿರುವ ತಂಗಿ