ಒದ್ದೆ ಕೈ ಮತ್ತು ಐಎಸ್‌ಐ ಮುದ್ರೆ

ಫೆಬ್ರವರಿ ೧೦, ಸೋಮವಾರ

ಅಂಗಡಿ ತೆಗೆದದ್ದು ತಡ. ಮಿಕ್ಸರ್ ರಿಪೇರಿಗೆ ಇಬ್ಬರು ಬಂದರು, ಕೊಳ್ಳಲು ಯಾರೂ ಇಲ್ಲ. ದೇಶಪಾಂಡೆ ನಗರದಲ್ಲಿ ಅಡುಗೆ ಯಂತ್ರಗಳ ಅಂಗಡಿ ಇಟ್ಟವನ ಪಾಡೇ ಇದು. ಜನ ಬಂದು ಬೆಲೆ ಕೇಳುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ, ಆನ್‌ಲೈನಿನಲ್ಲಿ ತರಿಸುತ್ತಾರೆ, ಕೆಟ್ಟ ಮೇಲೆ ನನ್ನ ಹತ್ತಿರ ಹೊತ್ತು ತರುತ್ತಾರೆ. ನನ್ನದು ಅಂಗಡಿಯಲ್ಲ, ಯಂತ್ರಗಳ ಧರ್ಮಾಸ್ಪತ್ರೆ.

ಮಧ್ಯಾಹ್ನ ವಿಯೆಟ್ನಾಮಿನ ಪೆಟ್ಟಿಗೆ ಬಂತು. ಒಳಗೆ ಕರೆಂಟಿನ ಒತ್ತು ಯಂತ್ರ. ಕೆಳಗೆ ಬಿಸಿ ಪ್ಲೇಟು, ಮೇಲೆ ಮುಚ್ಚಳ. ಉಂಡೆ ಇಟ್ಟು ಒತ್ತಿದರೆ ತೆಳ್ಳಗಾಗಿ ಅಲ್ಲೇ ಬೇಯುತ್ತದೆ. ಅವರು ಅದರಲ್ಲಿ ಅಕ್ಕಿ ಹಿಟ್ಟಿನದೇನೋ ಮಾಡುತ್ತಾರಂತೆ. ನನ್ನ ತಲೆಯಲ್ಲಿ ಜೋಳದ ರೊಟ್ಟಿ.

ಆದರೆ ಐಎಸ್‌ಐ ಮುದ್ರೆ ಇಲ್ಲದ್ದನ್ನು ಹೊರದೇಶದಿಂದ ತರಿಸಿ ಮಾರುವಂತಿಲ್ಲ. ಪರೀಕ್ಷೆ ಮಾಡಿ ನೋಡಲು ಮಾತ್ರ ಒಂದೆರಡು ತರಿಸಬಹುದು, ಮುಗಿದ ಮೇಲೆ ಗುಜರಿಗೆ ಹಾಕಬೇಕು. ಹೀಗಾಗಿ ಇಂದಿನಿಂದ ನಾನು ಸಂಶೋಧಕ. ಹಿಂದಿನ ಕೋಣೆಯಲ್ಲಿ ರಿಪೇರಿ ಮಾಡುವ ಶರೀಫಸಾಬ ಸಹ-ಸಂಶೋಧಕ. ಅವನಿಗೆ ಪದವಿ ತಿಳಿಸಿದೆ.

"ಪಗಾರ ಏನರ ಹೆಚ್ಚಾಗ್ತದೇನ್ರಿ ಸಾವಕಾರ್ರ?"

ಇಲ್ಲ ಅಂದೆ.

"ಹಂಗಾರ ಮಿಸ್ತ್ರೀನ ಇರ್ತೇನಿ ಬಿಡ್ರಿ."

ಫೆಬ್ರವರಿ ೧೬, ಭಾನುವಾರ

ಯಂತ್ರ ಹೊತ್ತು ನಾನೂ ಶರೀಫಸಾಬನೂ ಸತ್ತೂರಿಗೆ ಹೋಗಿದ್ದೆವು, ಸಂಗವ್ವನ ಮನೆಗೆ. ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರಿಗೆ ರೊಟ್ಟಿ ಬಡಿದು ಕೊಡುವುದು ಆಕೆಯ ಕಸುಬು. ಎರಡೂ ಮಣಿಕಟ್ಟು ಬಾತು ದಪ್ಪಗಾಗಿವೆ. ಇನ್ನೂ ಬಡಿದರೆ ಮುಂದೆ ಲೋಟ ಹಿಡಿಯುವುದೂ ಕಷ್ಟ ಎಂದಿದ್ದಾರೆ ಡಾಕ್ಟರು. ಬಡಿಯದಿದ್ದರೆ ಲೋಟದೊಳಗೆ ಹಾಕಲು ಏನೂ ಇರುವುದಿಲ್ಲ ಎಂದು ಸಂಗವ್ವನ ಉತ್ತರ.

ಯಂತ್ರ ನೋಡಿ ಮೂಗು ಮುರಿದಳು.

"ಇದು ರೊಟ್ಟಿ ಮಾಡ್ತದೋ, ಅರಿವಿ ಇಸ್ತ್ರಿ ಮಾಡ್ತದೋ?"

"ಒಂದ್ ಉಂಡಿ ಇಟ್ಟರ ನೋಡಬೇ, ಆಮ್ಯಾಲೆ ಬೈಯುವಂತಿ," ಅಂದ ಶರೀಫಸಾಬ.

ಮೊದಲನೆಯದು ಸೀಳಿತು. ಎರಡನೆಯದೂ. ಮೂರನೆಯದಕ್ಕೆ ಸಂಗವ್ವ ಯಾರನ್ನೂ ಕೇಳಲಿಲ್ಲ. ನೀರಿನಲ್ಲಿ ಕೈ ಅದ್ದಿ, ಪ್ಲೇಟಿನ ಮೇಲಿದ್ದ ರೊಟ್ಟಿಗೆ ಸವರಿದಳು, ಒಲೆಯ ಹಂಚಿನ ಮೇಲೆ ಸವರುವ ಹಾಗೆಯೇ. ರೊಟ್ಟಿ ಚೆಂಡಿನಂತೆ ಉಬ್ಬಿತು.

"ನೀರು ಕುಡಸದ ಜ್ವಾಳ ಮಾತು ಕೇಳೂದಿಲ್ಲೋ ತಮ್ಮಾ."

ತಿಂದೆ. ಹೆಂಡತಿ ಆರತಿಯ ಎದುರು ಆಡಲಾಗದ ಮಾತನ್ನು ಇಲ್ಲಿ ಬರೆಯಬಹುದು: ನಮ್ಮ ಮನೆಯ ರೊಟ್ಟಿಗಿಂತ ಛಲೋ ಇತ್ತು.

ಯಂತ್ರ ವಾಪಸ್ ಕೊಡಲಿಲ್ಲ ಸಂಗವ್ವ. "ಪರೀಕ್ಷಾ ಮಾಡೂದೈತಿ ಅಂದ್ರಲ್ಲ ಗುರುಪಾದಣ್ಣ. ದಿನಾ ಮುಂಜಾನಿ ನಾನ ಮಾಡ್ತೇನಿ." ದೇಶದ ಸಂಶೋಧನಾ ಕೇಂದ್ರಗಳ ಸಾಲಿಗೆ ಸತ್ತೂರಿನ ಒಂದು ಅಡುಗೆಮನೆ ಸೇರಿತು.

ಮಾರ್ಚ್ ೪, ಮಂಗಳವಾರ

ಹನುಮಂತಪ್ಪ ಎಂಬವರ ಜೊತೆ ಫೋನಿನಲ್ಲಿ ಒಂದು ತಾಸು. ಮೂಲ ಹಾವೇರಿ ಕಡೆಯವರು, ಬೆಂಗಳೂರಿನಲ್ಲಿ ಕೂತು ಇಂಥ ಲೈಸೆನ್ಸುಗಳ ದಾರಿ ತೋರಿಸುವ ಕನ್ಸಲ್ಟಂಟ್. ಮುದ್ರೆಯ ಲೈಸೆನ್ಸು ತೆಗೆಯಬೇಕಾದವನು ನಾನಲ್ಲವಂತೆ, ಅಲ್ಲಿಯ ಕಾರ್ಖಾನೆ. ನಮ್ಮ ಅಧಿಕಾರಿಗಳು ಅಲ್ಲಿಗೇ ಹೋಗಿ ನೋಡುತ್ತಾರೆ, ಯಂತ್ರ ಆರಿಸುತ್ತಾರೆ, ಲ್ಯಾಬಿನಲ್ಲಿ ಪರೀಕ್ಷೆ ಆಗುತ್ತದೆ. ಆದರೆ ನಾಳೆ ಏನಾದರೂ ಹೆಚ್ಚು ಕಡಿಮೆ ಆದರೆ ಹಿಡಿದು ಕೇಳಲು ಭಾರತದಲ್ಲಿ ಒಬ್ಬ ಮನುಷ್ಯ ಬೇಕು. ಅಧಿಕೃತ ಪ್ರತಿನಿಧಿ.

"ಅಂದರೆ ಕಾರ್ಖಾನಿ ಅಲ್ಲಿ, ಜೈಲು ಇಲ್ಲಿ?"

"ಜೈಲು ಗೀಲು ಯಾಕ ಅಂತೀರಿ ಸರ್. ಬರೇ ಜವಾಬ್ದಾರಿ."

ಮೇಲಿನಲ್ಲಿ ಬಂದ ಕಾಗದಕ್ಕೆ ಸಹಿ ಮಾಡಿದೆ. ಮದುವೆಯ ದಿನವೂ ಇದೇ ಮಾತು ಹೇಳಿ ಕೂರಿಸಿದ್ದರು.

ಮಾರ್ಚ್ ೨೩, ಭಾನುವಾರ

ಯಂತ್ರದ ಜೊತೆ ಬಂದ ಕೈಪಿಡಿ ಓದಿದೆ. 'ಒದ್ದೆ ಕೈಯಿಂದ ಮುಟ್ಟಬಾರದು' ಎಂದಿದೆ. ಬರೆದ ಪುಣ್ಯಾತ್ಮ ಜನ್ಮದಲ್ಲಿ ಜೋಳದ ರೊಟ್ಟಿ ಕಂಡವನಲ್ಲ. ನಾನೇ ಹೊಸದು ಬರೆಯಲು ಕೂತೆ. ಹನ್ನೆರಡು ಪುಟ. ಹಿಟ್ಟಿಗೆ ಕುದಿನೀರು ಎಷ್ಟು, ನಾದುವುದು ಹೇಗೆ, ಎಲ್ಲ. ಪುಟ ಏಳರಲ್ಲಿ: 'ಒತ್ತಿದ ಕೂಡಲೇ ಒದ್ದೆ ಕೈಯಿಂದ ರೊಟ್ಟಿಯ ಮೇಲೆ ನೀರು ಸವರಿರಿ. ಸವರದಿದ್ದರೆ ಸೀಳುತ್ತದೆ.' ಬರೆದು ಎರಡು ಸಲ ಓದಿಕೊಂಡೆ. ಇಷ್ಟು ಸ್ವಚ್ಛವಾದ ಕನ್ನಡ ಯಾವ ಕೈಪಿಡಿಯಲ್ಲೂ ಇರಲಾರದು.

ಸಾರಾಂಶ ಕೇಳಿ ಕಾರ್ಖಾನೆಯ ಮ್ಯಾನೇಜರ್ ಹೆಣ್ಣುಮಗಳಿಗೂ ಹಿಡಿಸಿತು. ಇಂಗ್ಲಿಷಿಗೆ ಮಾಡಿಸಿ ಅರ್ಜಿಗೆ ಹಚ್ಚುತ್ತಾಳಂತೆ. ಅಂತರರಾಷ್ಟ್ರೀಯ ಲೇಖಕನಾದೆ.

ಮೇ ೧೯, ಸೋಮವಾರ

ಅಧಿಕಾರಿಗಳು ಕಾರ್ಖಾನೆ ನೋಡಿ ಬಂದರು. ಯಂತ್ರ ಲ್ಯಾಬಿಗೆ ಹೋಗಿದೆ. ನಾನು ಅರವತ್ತು ಯಂತ್ರಕ್ಕೆ ಅರ್ಧ ಮುಂಗಡ ಕಳಿಸಿಬಿಟ್ಟೆ. ತಡಮಾಡಿದರೆ ಬೇರೆಯವರಿಗೆ ಹೋಗುತ್ತದೆಂಬ ಭಯ. ಸಂಗವ್ವನ ಅಡುಗೆಮನೆ ನೋಡಿದವರೆಲ್ಲ ತಮಗೂ ಒಂದು ಎಂದು ಹೆಸರು ಬರೆಸಿದ್ದಾರೆ. ಎಲ್ಲ ರೊಟ್ಟಿ ಬಡಿಯುವವರೇ. ಎಲ್ಲರದೂ ಅದೇ ಮಣಿಕಟ್ಟು.

ಸಂಗವ್ವ ಖುಷಿಯಲ್ಲಿದ್ದಾಳೆ. "ಕೈ ನೋವು ಅರ್ಧಕ್ಕರ್ಧ ಇಳದೈತ್ರಿ. ನೀರು ಸವರುವಾಗ ಜುಮ್ ಅಂತದ ನೋಡ್ರಿ, ಅದರಾಗ ಏನೋ ಗುಣ ಐತಿ."

ಯಂತ್ರದ ಜೊತೆ ಚಿಕಿತ್ಸೆ ಫುಕಟ್. ಜಾಹೀರಾತಿನಲ್ಲಿ ಹಾಕಬೇಕು ಎಂದು ನಕ್ಕೆವು. ಶರೀಫಸಾಬ ಮಾತ್ರ ನಗಲಿಲ್ಲ. ಹಲ್ಲು ನೋವಿತ್ತೇನೋ ಅಂದುಕೊಂಡೆ.

ಜುಲೈ ೮, ಮಂಗಳವಾರ, ಮಧ್ಯಾಹ್ನ

ಲ್ಯಾಬಿನ ವರದಿ. ಫೇಲ್.

ಒಣಗಿದ್ದಾಗ ಎಲ್ಲ ಸರಿ. ಪ್ಲೇಟಿನ ಮೇಲೆ ನೀರು ಬಿದ್ದರೆ ಅದು ಅಂಚಿನಿಂದ ಕೆಳಗಿನ ವೈರಿನ ಡಬ್ಬಿಗೆ ಇಳಿಯುತ್ತದೆ, ಕರೆಂಟು ಯಂತ್ರದ ಮೈಗೆ ಬರುತ್ತದೆ. ಹನುಮಂತಪ್ಪನವರ ಫೋನು:

"ಸರ್, ಪುಸ್ತಕದಾಗ ಏನ್ ಬರದಿರ್ತದ, ಅದರಂಗ ಟೆಸ್ಟ್ ಮಾಡ್ತಾರ. ಒದ್ದಿ ಕೈ ಅಂತ ಯಾವ ಪುಣ್ಯಾತ್ಮ ಬರದಾನ್ರಿ ಅದರಾಗ?"

ಪುಣ್ಯಾತ್ಮ ಫೋನು ಇಟ್ಟ.

ಆರತಿಗೆ ಹೇಳಿದೆ. "ನೀವು ಬರದದ್ದನ್ನ ಒಬ್ಬರರ ಪೂರ್ತಿ ಓದ್ಯಾರ ಅಂದ್ರ ಇದ ಮೊದಲ," ಅಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಹಂಗಾರ ಸಂಗವ್ವಗ ಜುಮ್ ಅಂತಿದ್ದು…"

ಅದೇ ದಿನ, ಸಂಜೆ

ಸತ್ತೂರಿಗೆ ಓಡಿದೆವು. ಶರೀಫಸಾಬ ಟೆಸ್ಟರ್ ಹಚ್ಚಿ ನೋಡಿದ. ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತಿವೆ, ಮೇಲಿನದು ಬರೀ ಶೃಂಗಾರಕ್ಕೆ. ಹಿಂದೆ ವೈರೇ ಇಲ್ಲ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎಂಬುದು ಆ ಮನೆಗೆ ಹುಟ್ಟಿದಾಗಿನಿಂದ ಇಲ್ಲ.

"ಮೇ ತಿಂಗಳದಾಗ ನನಗ ಅನುಮಾನ ಬಂದಿತ್ತರಿ," ಅಂದ.

"ಮತ್ತ ಹೇಳಲಿಲ್ಲ?"

"ನೀವೆಲ್ಲಾ ನಗಾಕತ್ತಿದ್ರಿ."

ಹಿತ್ತಲಲ್ಲಿ ಕುಣಿ ತೋಡಿ, ಉಪ್ಪು ಇದ್ದಿಲು ಹಾಕಿ, ತಂತಿ ಎಳೆದು ಅರ್ಥಿಂಗ್ ಮಾಡಿದ. ಸಂಗವ್ವಗೆ ಒದ್ದೆ ಕೈ ಹಚ್ಚಬೇಡ ಅಂದೆ. ಉಸಿರಾಡಬೇಡ ಅಂದ ಹಾಗೆ ನೋಡಿದಳು.

ಜುಲೈ ೨೭, ಭಾನುವಾರ

ಜುಮ್ ನಿಂತಿದೆ. ನೋವು ಮರಳಿ ಬಂತೆಂದು ಸಂಗವ್ವ ಶರೀಫಸಾಬನಿಗೆ ಶಾಪ ಹಾಕುತ್ತಿದ್ದಾಳೆ.

ಕಾರ್ಖಾನೆಯ ಉತ್ತರ ಬಂತು. ವೈರಿನ ಡಬ್ಬಿಗೆ ನೀರು ಹೋಗದಂತೆ ಮಾಡಬಹುದು. ಹೊಸ ಅಚ್ಚು ಬೇಕು. ಅದಕ್ಕೆ ಕನಿಷ್ಠ ಎರಡು ಸಾವಿರ ಯಂತ್ರದ ಆರ್ಡರು ಬೇಕು. ನನ್ನದು ಅರವತ್ತು. ಮ್ಯಾನೇಜರ್ ಬಾಯಿ ಬಹಳ ಮರ್ಯಾದೆಯಿಂದ ಬರೆದಿದ್ದಾಳೆ: ನಮ್ಮ ಮೊದಲಿನ ಪುಸ್ತಕದಲ್ಲಿ ಒಣ ಕೈ ಎಂದೇ ಇತ್ತಲ್ಲವೇ.

ಹನುಮಂತಪ್ಪನವರದೂ ಅದೇ ರಾಗ. "ಆ ಒಂದ್ ಸಾಲು ತಗೀರಿ ಸರ್. ಹಳೇ ಪುಸ್ತಕ ಹಚ್ಚಿ ಮತ್ತ ಟೆಸ್ಟಿಗೆ ಕೊಡೂಣು. ಪಾಸ್ ಆಗ್ತದ."

"ಆದರ ಒದ್ದಿ ಕೈ ಹಚ್ಚೇ ಹಚ್ಚತಾರಲ್ಲರಿ ಜನ."

"ಹಚ್ಚಬ್ಯಾಡ್ರಿ ಅಂತ ಪುಸ್ತಕ ಹೇಳ್ತದಲ್ಲ ಸರ್. ನಿಮ್ಮ ಜವಾಬ್ದಾರಿ ಅಲ್ಲಿಗೆ ಮುಗೀತು."

ಆಗಸ್ಟ್ ೨, ಶನಿವಾರ

ಶರೀಫಸಾಬನ ಜೊತೆ ಜಗಳ. ಪ್ರತಿ ಮನೆಗೂ ಹೋಗಿ ಅರ್ಥಿಂಗ್ ಮಾಡಿಕೊಡೋಣ ಅಂದೆ, ಔದಾರ್ಯದಿಂದ.

"ಅರವತ್ತು ಮನಿ ಮಾಡೂಣು. ಅವರು ಮನಿ ಬದಲಿಸಿದ್ರ? ಅಕ್ಕನ ಮನಿಗೆ ಒಯ್ದ್ರ? ಮದುವಿ ಮಂಟಪಕ್ಕ ಒಯ್ದ್ರ?"

"ಹೇಳಿದರಾತು. ಅರ್ಥಿಂಗ್ ಇಲ್ಲದ ಹಚ್ಚಬ್ಯಾಡ್ರಿ ಅಂತ."

"ಮುದ್ರಿ ಇಲ್ಲದ ಮಷೀನ ಅಂದ್ರ ಹೆದರಿ ಮುಟ್ಟತಾರ್ರಿ. ಮುದ್ರಿ ಬಿತ್ತಂದ್ರ ಯಾರ ಮಾತ ಕೇಳತಾರ? ಸರಕಾರನ ಛಲೋ ಅಂದೈತಿ, ನೀ ಯಾವಾಂವಲೇ ಅಂತಾರ."

ನೀನು ಮಿಸ್ತ್ರಿಯಾಗೇ ಇರು ಅಂದೆ. ಅದನ್ನೇ ಮೊದಲ ದಿನ ಹೇಳಿದ್ದೆನಲ್ಲ ಅಂದ. ಚಹಾ ಕುಡಿಯದೆ ಹೋದ.

ಆಗಸ್ಟ್ ೧೮, ಸೋಮವಾರ

ಸಾಲು ತೆಗೆದೆ. ಮೇಲ್ ಕಳಿಸಿದೆ.

ಅಕ್ಟೋಬರ್ ೩೦, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಪಾಸಾಗಿದೆ. ಲೈಸೆನ್ಸು ಬಂತು. ಆರತಿ ಪೇಡೆ ತರಿಸಿದಳು. ಪಕ್ಕದ ಅಂಗಡಿಯವರು ಕೈ ಕುಲುಕಿ, "ವಿಯೆಟ್ನಾಮಿನ ಕಾರ್ಖಾನಿ ನಿಮ್ಮ ಹೆಸರ ಮ್ಯಾಲ ನಡೀತದಂತಲ್ಲರಿ," ಅಂದರು. ಹೌದು ಅಂದೆ. ಖರೇ ಅಂದರೆ ಖರೇ. ಪೇಡೆ ಬಾಯಲ್ಲಿ ಹಿಟ್ಟಿನಂತೆ ಹತ್ತಿಕೊಂಡಿತು.

ಸಂಗವ್ವನ ಹಳೆಯ ಯಂತ್ರ ತಂದು, ನಿಯಮದ ಪ್ರಕಾರ ಗುಜರಿಗೆ ಹಾಕಬೇಕು. ಅದೊಂದೇ ಅರ್ಥಿಂಗ್ ಇರುವ ಮನೆಯಲ್ಲಿದ್ದ ಯಂತ್ರ. ಕಾನೂನಿಗೆ ಅದೊಂದೇ ಅಪಾಯಕಾರಿ.

ನವೆಂಬರ್ ೨೨, ಶನಿವಾರ

ಅರವತ್ತೂ ಬಂದವು. ಬೆಳ್ಳಗೆ, ಹೊಸ ಮದುಮಕ್ಕಳ ಹಾಗೆ. ಪ್ರತಿಯೊಂದರ ಹಣೆಯ ಮೇಲೂ ಐಎಸ್‌ಐ ಮುದ್ರೆ, ಕೆಳಗೆ ನಂಬರು. ಪೆಟ್ಟಿಗೆಯ ಹಿಂದೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು, ವಿಳಾಸ.

ಶರೀಫಸಾಬ ಎಲ್ಲ ಇಳಿಸಿಕೊಂಡ. ಪ್ರತಿ ಯಂತ್ರದ ವೈರಿಗೂ ಒಂದು ಚೀಟಿ ಕಟ್ಟುತ್ತಿದ್ದ. 'ಅರ್ಥಿಂಗ್ ನೋಡಿ ಹಚ್ಚಿರಿ.' ಅವನ ಕೈಬರಹ ಯಾರಿಗೂ ತಿಳಿಯುವುದಿಲ್ಲ ಎಂದು ಚೇಷ್ಟೆ ಮಾಡಿದೆ. ಅವನು ಮುಂದಿನ ಚೀಟಿ ಕಟ್ಟಿದ.

ನವೆಂಬರ್ ೩೦, ಭಾನುವಾರ

ಅಮರಗೋಳದಲ್ಲಿ ಮಾರಾಟದ ಮುಹೂರ್ತ. ಮಾರ್ಕೆಟ್ ಯಾರ್ಡಿನ ಹತ್ತಿರ, ಮಹಿಳಾ ಸಂಘದ ಸಭಾಭವನ. ಹೆಸರು ಬರೆಸಿದವರೆಲ್ಲ ಬಂದಿದ್ದರು. ಚಳಿ. ಫ್ಯಾನು ಯಾರೂ ಹಚ್ಚಿರಲಿಲ್ಲ, ಕಿಟಕಿಯಿಂದ ಬಿಸಿಲಿತ್ತು.

ಮಾಡಿ ತೋರಿಸುವವಳು ಸಂಗವ್ವ. ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಹಿಟ್ಟು ಮನೆಯಲ್ಲೇ ಕಲಸಿ ತಂದಿದ್ದಳು, ಪಕ್ಕದಲ್ಲಿ ಬೋಗುಣಿ ತುಂಬ ನೀರು. ನಾನು ಆಕೆಗೆ ಮುಂಜಾನೆಯಿಂದ ಮೂರು ಸಲ ಹೇಳಿದ್ದೆ, ಅರಿವೆಯಿಂದ ಸವರು, ಉದ್ದ ಕೋಲಿಗೆ ಕಟ್ಟಿ ಸವರು ಎಂದು. ಹೂಂ ಅಂದಿದ್ದಳು. ಯಾಕೆ ಎಂದು ಮಾತ್ರ ನಾನು ಹೇಳಿರಲಿಲ್ಲ. ಹೇಳಿದರೆ ಮುಹೂರ್ತ ಎಲ್ಲಿ ಉಳಿಯುತ್ತಿತ್ತು.

ಯಂತ್ರದ ಪ್ಲಗ್ಗು ಸಂಘದವರ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಬೋರ್ಡಿನ ವೈರು ಹಿಂಬದಿಯ ಕಿಟಕಿಯೊಳಗಿಂದ ಎಲ್ಲಿಂದಲೋ ಬಂದಿತ್ತು. ಎರಡೇ ಎಳೆ, ಅರ್ಥಿಂಗಿನ ಮೂರನೆಯದು ಇಲ್ಲ. ಬೋರ್ಡಿನ ಪಕ್ಕ ನಿಂತವನು ನಾನೇ.

ಮುಂದಿನ ಸಾಲಿನ ಒಬ್ಬಾಕೆ ಕೇಳಿದಳು, "ಶಾಕ್ ಗೀಕ್ ಹೊಡಿಯೂದಿಲ್ಲಲ್ಲಬೇ ಇದು?"

ಸಂಗವ್ವ ಯಂತ್ರ ತಿರುಗಿಸಿ ಮುದ್ರೆ ತೋರಿಸಿದಳು. "ಇಲ್ಲಿ ನೋಡ. ದೊಡ್ಡ ದೊಡ್ಡ ಸಾಹೇಬರು ಅಲ್ಲೀತನಾ ಹೋಗಿ ನೋಡಿ ಒತ್ಯಾರ. ನಮ್ಮ ಗುರುಪಾದಣ್ಣನ ಹೆಸರೂ ಐತಿ. ಸುಮ್ಮನ ಹಾಕ್ತಾರೇನು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ನಕ್ಕೆನೆಂದು ಕಾಣುತ್ತದೆ.

ಉಂಡೆ ಇಟ್ಟಳು. ಒತ್ತಿದಳು. ಮುಚ್ಚಳ ಎತ್ತಿದಳು. ಕೋಲು, ಅರಿವೆ ಅಲ್ಲೇ ಬಿದ್ದಿದ್ದವು. ಬೋಗುಣಿಯಲ್ಲಿ ಮಣಿಕಟ್ಟಿನವರೆಗೆ ಕೈ ಅದ್ದಿ ಎತ್ತಿದಳು.

ಪ್ಲಗ್ಗು ಕಿತ್ತೆ.

ಯಂತ್ರದ ಕೆಂಪು ದೀಪ ಆರಿತು. ಸಂಗವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತು, ನೀರು ಸೋರುತ್ತ.

"ಕರೆಂಟ್ ಹೋತೇನ್ರಿ ಗುರುಪಾದಣ್ಣ?"

"ಅಯ್, ಬರ್ತದ ತಗೋರಿ, ಹತ್ ನಿಮಿಷ," ಅಂದರು ಹಿಂದಿನವರು. ಯಾರಿಗೂ ಬೇಸರವಿಲ್ಲ. ರೂಢಿಯಾದ ಜನ. ಸೆರಗು ಹೊದ್ದು, ಕರೆಂಟು ಬರಲೆಂದು ಕಾಯುತ್ತ ಕೂತರು. ಒಬ್ಬಾಕೆ ಎಲೆ ಅಡಿಕೆ ಚೀಲ ಬಿಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಶರೀಫಸಾಬನಿಗೆ ಮಾತ್ರ ನನ್ನ ಬೆನ್ನು ಕಾಣುತ್ತಿತ್ತು, ಬೆನ್ನ ಹಿಂದಿನ ಕೈಯೂ, ಕೈಯಲ್ಲಿದ್ದ ಪ್ಲಗ್ಗೂ. ಹೇಳುವುದನ್ನು ಅವನು ನನಗೇ ಬಿಟ್ಟಿದ್ದ.

"ಕರೆಂಟ ಹೋಗೇತೋ, ಮಷೀನ ಕೆಟ್ಟೈತೋ, ಏನರ ಹೇಳ್ರಲ್ಲ," ಅಂದಳು ಸಂಗವ್ವ.

ಅರವತ್ತು ಮುಖ. ಕೈ ಮುಂದೆ ತಂದೆ. ಸಂಗವ್ವಾ, ಅಂದೆ, ಕರೆಂಟು ಹೋಗಿಲ್ಲ, ನಾನೇ ಪ್ಲಗ್ಗು ಕಿತ್ತೆ, ಒದ್ದೆ ಕೈ ಹಚ್ಚಿದರೆ ಇದು ಶಾಕ್ ಹೊಡೆಯುತ್ತದೆ.