ಬಾರೋ ಅಂತಿದ್ದದ್ದು ಒಬ್ಬನಿಗೇ

ಅಡುಗೆಮನೆ ಮೇಜು,
ಗುರುವಾರ ಮಧ್ಯಾಹ್ನ

ಪ್ರೀತಿಯ ಮರೀ,

ತಲೆ ನರೆತರೂ ನೀನು ನನಗೆ ಮರಿಯೇ, ಮುಖ ಸಿಂಡರಿಸಬೇಡ. ಹೇಗಿದ್ದೀಯಾ? ಬೆನ್ನುನೋವು ಕಡಿಮೆ ಆಯ್ತಾ? ಹಡಗಿನ ತುಂಬ ಜನಕ್ಕೆ ಬೇಯಿಸಿ ಹಾಕ್ತೀಯ, ನೀನು ಮಾತ್ರ ಒಲೆ ಮುಂದೆ ನಿಂತುಕೊಂಡೇ ನಾಲ್ಕು ತುತ್ತು ನುಂಗ್ತೀಯ, ನನಗೆ ಗೊತ್ತಿಲ್ವಾ? ಕೂತು ತಿನ್ನು. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳತ್ತೆ. ನಿನ್ನ ಅಕ್ಕನ ಮಗಳು ಬಾಬಿನ್ ಚೆನ್ನಾಗಿದ್ದಾಳೆ. ಈ ಮಾತನ್ನ ಇಷ್ಟು ದಿನ ನಿನ್ನ ಸಮಾಧಾನಕ್ಕೆ ಅಂತ ಬರೀತಿದ್ದೆ. ಇವತ್ತು ನಿಜವಾಗಿಯೂ ಬರೀತಿದ್ದೀನಿ.

ಮೊನ್ನೆ ತೀರ್ಪು ಬಂತು ಕಣೋ. ನಿನ್ನ ಭಾವನ ಅಂಗಡಿಯಲ್ಲಿ ಪಾಲುದಾರನಾಗಿದ್ದ ಆ ಕತ್ತರಿಗೆ ಜೀವ ಇರೋವರೆಗೂ ಜೈಲು. ಪೇಪರಿನವರು ‘ಟೈಲರ್ ಅಂಗಡಿ ಹತ್ಯಾಕಾಂಡ’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿ ಇನ್ನೂ ಗೇಟಿನ ಹತ್ತಿರ ಸುತ್ತುತ್ತಾನೇ ಇದ್ದಾರೆ. ಒಬ್ಬ ಕಾಂಪೌಂಡ್ ಹತ್ತಿ ಹುಡುಗಿಯ ಫೋಟೋ ತೆಗೆಯೋಕೆ ನೋಡಿದ. ಬಟ್ಟೆ ಒಗೆದ ನೀರು ಬಕೆಟ್ಟಿನಲ್ಲಿ ಹಾಗೇ ಇತ್ತು. ಸುರಿದುಬಿಟ್ಟೆ. ಪುಣ್ಯಾತ್ಮ ನೊರೆ ಒರೆಸಿಕೊಂಡು ‘ಸಾರಿ ಅಜ್ಜಿ’ ಅಂದು ಇಳಿದು ಹೋದ.

ಕೋರ್ಟಿನಲ್ಲಿ ನಡೆದದ್ದು ನಿನಗೆ ಪೂರ್ತಿ ತಿಳೀಬೇಕು. ಕೊಲೆ ನಡೆದ ದಿನ ಅಂಗಡಿ ಮುಚ್ಚೋ ಹೊತ್ತು. ನಿನ್ನ ಅಕ್ಕ, ಭಾವ, ಭಾವನ ತಾಯಿ, ಕಾಜಾ ಹೊಲಿಯೋ ಹೆಂಗಸು, ಇಸ್ತ್ರಿಯವನು, ಎಲ್ಲ ಅಲ್ಲೇ ಇದ್ದರು. ಬಾಬಿನ್ ಪರದೆ ಹಿಂದೆ ಹೊಸ ಸ್ಕೂಲ್ ಡ್ರೆಸ್ ಹಾಕಿ ನೋಡ್ತಿದ್ದಳು. ಬಾಗಿಲು ತೆರೆದ ಸದ್ದಾಯ್ತು. ಭಾವ ನಕ್ಕು ‘ಬಾರೋ, ಬಾ ಒಳಗೆ’ ಅಂದರು. ಅದರ ಬೆನ್ನಿಗೇ ಗುಂಡಿನ ಸದ್ದು. ನಮ್ಮ ಕೂಸು ನೇತುಹಾಕಿದ್ದ ಕೋಟುಗಳ ಮಧ್ಯೆ ಉಸಿರು ಬಿಗಿಹಿಡಿದು ನಿಂತಿತು. ಅವಳೊಬ್ಬಳೇ ಉಳಿದಳು. ಬಂದವನ ಮುಖ ನೋಡಲಿಲ್ಲ, ಅವನ ದನಿಯೂ ಕೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಪ್ಪನ ಆ ಒಂದು ಮಾತು ಅಷ್ಟೇ.

ಆ ‘ಬಾರೋ’ ಅನ್ನೋದು ಕಿವಿಗೆ ಬಿದ್ದರೆ ಅವಳು ನಿಂತಲ್ಲೇ ಕಲ್ಲಾಗ್ತಿದ್ದಳು. ಅದಕ್ಕೇ ಇಡೀ ಬೀದಿಗೆ ಹೇಳಿಟ್ಟಿದ್ದೆ. ಎದುರುಮನೆ ಹುಡುಗರು ಪಾಪ, ಚೆಂಡಾಡುವಾಗಲೂ ‘ಬನ್ನಿ ಸಾರ್, ಒದೀರಿ ಸಾರ್’ ಅಂತ ಕೂಗ್ತಿದ್ದರು. ನಾನು ಬೆಕ್ಕಿಗೆ ‘ಬನ್ನಿ, ಹಾಲು ಕುಡೀರಿ’ ಅಂತಿದ್ದೆ. ಬೆಕ್ಕಿಗೆ ಈಗ ಧಿಮಾಕು ಬಂದು, ಎರಡು ಸಲ ಕರೆಯದೆ ಎದ್ದೇ ಬರಲ್ಲ.

ಕತ್ತರಿಯ ವಕೀಲ ಮಹಾ ಚಾಲಾಕಿ. ಬಂದೂಕು ಸಿಗಲಿಲ್ಲ ಅಂದ. ಓಡಿಹೋಗೋದನ್ನ ನೋಡಿದವನಿಗೆ ಕಣ್ಣಿನ ಪೊರೆ ಅಂದ. ಬೋರ್ಡಿನಿಂದ ತನ್ನ ಹೆಸರು ಅಳಿಸಿದ ಮೇಲೆ ನಮ್ಮ ಕಕ್ಷಿದಾರ ಆ ಅಂಗಡಿ ಮೆಟ್ಟಿಲೇ ಹತ್ತಿಲ್ಲ ಅಂದ. ಇದ್ದ ಸಾಕ್ಷಿಯನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿ ಹಾಕಿದ. ಉಳಿದದ್ದು ಬಾಬಿನ್ ಒಬ್ಬಳೇ. ಅವಳು ಆ ಮಾತು ಬಾಯಿಬಿಟ್ಟು ಹೇಳದಿದ್ದರೆ ಆ ಪಾಪಿ ಕೈ ಕೊಡವಿಕೊಂಡು ಮನೆಗೆ ಹೋಗ್ತಿದ್ದ. ಕಟಕಟೆಯ ಕಂಬಿ ಹಿಡಿದು ನಿಂತಳು. ಮೊದಲು ಪಿಸುಗುಟ್ಟಿದಳು. ಜಡ್ಜಮ್ಮ ‘ಇನ್ನೂ ಸ್ವಲ್ಪ ಜೋರಾಗಿ, ಮಗೂ’ ಅಂದರು. ಕಣ್ಣು ಮುಚ್ಚಿ ‘ಬಾರೋ!’ ಅಂತ ಕೂಗಿಬಿಟ್ಟಳು ನೋಡು, ಬಾಗಿಲ ಹತ್ತಿರ ತೂಕಡಿಸ್ತಿದ್ದ ಜವಾನ ತನ್ನನ್ನೇ ಕರೆದರು ಅಂತ ಎದ್ದುಬಿದ್ದು ಒಳಗೆ ಬಂದ! ಕೋರ್ಟೆಲ್ಲ ನಕ್ಕಿತು. ಇವಳೂ ನಕ್ಕಳು. ಅಷ್ಟು ದಿನ ಆದಮೇಲೆ ಅವಳ ಹಲ್ಲು ಕಂಡದ್ದು ಅಲ್ಲೇ, ಆ ಕಟಕಟೆಯಲ್ಲೇ.

ವಕೀಲ ಬಿಡ್ತಾನಾ? ಟೈಲರ್ ಅಂದಮೇಲೆ ದಿನಕ್ಕೆ ನೂರು ಜನಕ್ಕೆ ಬಾರೋ ಅಂತಾನೆ ಅಂದ. ‘ಅಪ್ಪ ನನಗೂ ಬನ್ನಿ ಅಂತಿದ್ದರು’ ಅಂದಳು ನಮ್ಮ ಹುಡುಗಿ. ನಿಜ ತಾನೆ? ನಿನ್ನ ಭಾವ ಹೆಂಡತಿಗೂ ನೀವು, ಕಸದವನಿಗೂ ನೀವು, ಸೂಜಿ ಬಿದ್ದರೆ ‘ಎಲ್ಲಿ ಹೋದಿರಿ’ ಅಂತ ಹುಡುಕೋ ಮನುಷ್ಯ. ವಕೀಲ ಅದಕ್ಕೂ ಒಂದು ಹೊಲಿಗೆ ಹಾಕಿದ. ಇಸ್ತ್ರಿಯವನು ಚಿಕ್ಕಂದಿನಿಂದ ಜೊತೆಗಿದ್ದವನು, ಅವನು ಹೊರಗೆ ಹೋಗಿ ಬಂದಿರಬೇಕು, ಬಾರೋ ಅಂದದ್ದು ಅವನಿಗೇ ಅಂದ. ತನ್ನ ಕಕ್ಷಿದಾರನನ್ನ ಉಳಿಸೋಕೇ ಹೇಳಿದ ಮಾತು ಕಣೋ ಅದು. ಆದರೆ ಅಲ್ಲಿವರೆಗೂ ತಲೆ ತಗ್ಗಿಸಿ ಕೂತಿದ್ದ ಕತ್ತರಿ ಧಡಕ್ಕನೆ ಎದ್ದ. ‘ಸುಳ್ಳು! ಅವನು ಬಾರೋ ಅಂತಿದ್ದದ್ದು ನನ್ನೊಬ್ಬನಿಗೇ!’ ಅಂತ ಕಿರುಚಿದ.

ವಕೀಲ ಹಣೆ ಹಿಡಿದುಕೊಂಡು ಕೂತ. ನಿನ್ನ ಭಾವ, ಕತ್ತರಿ ಇಬ್ಬರೂ ಒಂದೇ ಗುರುವಿನ ಹತ್ತಿರ ಕೆಲಸ ಕಲಿತವರು, ಭಾವ ಹೊಲಿದರೆ ಅವನು ಕತ್ತರಿಸ್ತಿದ್ದ. ಐದು ಜನರನ್ನ ಕೊಂದಮೇಲೂ ಆ ಮಾತನ್ನ ಇನ್ನೊಬ್ಬನಿಗೆ ಬಿಟ್ಟುಕೊಡೋಕೆ ಅವನ ಕೈಲಿ ಆಗಲಿಲ್ಲ. ಹೊಟ್ಟೆಕಿಚ್ಚು ಅವನನ್ನ ಕೊಲೆಗೂ ಕರೆದುಕೊಂಡು ಹೋಯ್ತು, ಜೈಲಿಗೂ ಕಳಿಸಿತು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂತು. ನಗ್ತಾ ಕರೆದರಲ್ಲೋ ನಿನ್ನ ಭಾವ, ಎಷ್ಟೋ ದಿನದ ಮೇಲೆ ಬಂದ ಅಂತ ಖುಷಿಯಿಂದ ಕರೆದರಲ್ಲ.

ಮನೆಗೆ ಬಂದವಳೇ ಬಾಬಿನ್ ಅಪ್ಪನ ಮಿಷನ್ನಿನ ಮೇಲಿನ ಬಟ್ಟೆ ತೆಗೆದಳು. ಎಣ್ಣೆ ಬಿಟ್ಟಳು. ಈಗ ನನ್ನ ಹಳೇ ಪರದೆಗೆ ಅಂಚು ಹೊಲೀತಿದ್ದಾಳೆ. ಹೊಲಿಗೆ ಹಾವು ಹರಿದ ಹಾಗಿದೆ, ಬಾಯಿ ಮುಚ್ಚಿಕೊಂಡು ಚೆನ್ನಾಗಿದೆ ಅಂದಿದ್ದೀನಿ. ಮುಂದಿನ ವಾರದಿಂದ ಸ್ಕೂಲಿಗೆ ಹೋಗ್ತಾಳಂತೆ, ಅವಳೇ ಹೇಳಿದಳು.

ಅಕ್ಕಪಕ್ಕದವರೆಲ್ಲ ನಿನ್ನ ಕೇಳಿದರು. ನಿನ್ನ ಕ್ಯಾಪ್ಟನ್ನಿಗೆ ನನ್ನ ನಮಸ್ಕಾರ ತಿಳಿಸು, ಉಪ್ಪು ಕಮ್ಮಿ ತಿನ್ನೋಕೆ ಹೇಳು. ನೀರಿನ ಮೇಲಿದ್ದರೂ ನೆಲದ ಮೇಲಿದ್ದರೂ ನಿನಗೆ ಒಳ್ಳೇದೇ ಆಗಲಿ, ನನ್ನ ಆಯಸ್ಸೂ ನಿನಗಿರಲಿ.

ಮಂಡಿನೋವಿನ ನಿನ್ನ
ಅಮ್ಮ

ಮರೆತೇಬಿಟ್ಟಿದ್ದೆ: ಮತ್ತೊಂದು ವರ್ಷಕ್ಕೆ ಹಡಗಿನಲ್ಲೇ ಇರಲಾ, ಮನೆಗೆ ಬರಲಾ, ನನ್ನ ಮುಖದಲ್ಲಿ ಅಕ್ಕನ ಮುಖ ಕಂಡು ಮಗು ಅತ್ತರೆ ಏನು ಮಾಡಲಿ ಅಂತ ಕೇಳಿದ್ದೆಯಲ್ಲ. ಅವಳನ್ನೇ ಕೇಳಿದೆ. ಮಿಷನ್ ತುಳಿಯೋದು ನಿಲ್ಲಿಸಿದಳು. ‘ಮಾವಂಗೆ ಬರೀ ಅಜ್ಜಿ, ಬೇಗ ಬಾರೋ ಮಾವ ಅಂತ’ ಅಂದಳು. ಬೇಗ ಬನ್ನಿ ಅಂತ ಬರೀಲೇನೇ ಅಂದೆ. ‘ಬೇಡ, ನಾನು ಹೇಳಿದ ಹಾಗೇ ಬರೀ’ ಅಂದಳು. ಬರೆದಿದ್ದೀನಿ. ಬಾರೋ, ಮರೀ.